ವೇದಿಕೆ ಮೇಲೆ ಬ್ಯಾಂಡ್ ಯಾವುದು, ಕಮಿಟಿ ಯಾವುದು? ಒಂದೇ ಥರ ಬಟ್ಟೆ ಹಾಕುವ ಮೊದಲು ಓದಿ

ಹೊಸ ಬ್ಯಾಂಡ್‌ಗೆ ಮೊದಲ ಕಾರ್ಯಕ್ರಮ ಸಿಕ್ಕ ಕೂಡಲೇ ಜಗಳ ಶುರುವಾಗುವುದು ಹಾಡಿನ ಪಟ್ಟಿಗಲ್ಲ, ಬಟ್ಟೆಗೆ. ಗಿಟಾರಿನವನು ‘ಎಲ್ಲಾ ಬ್ಲ್ಯಾಕ್ ಹಾಕೋಣ ಮಗಾ’ ಅನ್ನುತ್ತಾನೆ. ಡ್ರಮ್ಮರ್ ‘ನಾವೇನು ಮದುವೆ ಬ್ಯಾಂಡ್‌ಸೆಟ್ಟಾ?’ ಅಂತ ಮುಖ ತಿರುಗಿಸುತ್ತಾನೆ. ಹಾಡುವ ಹುಡುಗಿಯನ್ನು ಯಾರೂ ಕೇಳುವುದೇ ಇಲ್ಲ. ಕೊನೆಗೆ ಅವರವರಿಗೆ ತೋಚಿದ್ದು ಹಾಕಿಕೊಂಡು ಬರುತ್ತಾರೆ. ಫೋಟೊ ನೋಡಿದರೆ ಪಾವಗಡ ಬಸ್ಸಿಗೆ ಕಾಯುತ್ತಿರುವ ಜನರ ಹಾಗಿರುತ್ತದೆ.

ನೇರವಾಗಿ ಹೇಳಿಬಿಡುತ್ತೇನೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ವೇದಿಕೆಗಳಲ್ಲಿ ನುಡಿಸುವ ಬ್ಯಾಂಡ್‌ಗೆ ನೋಡಲು ಒಂದು ಹೊಂದಾಣಿಕೆ ಬೇಕು. ಬೆಂಗಳೂರಿನ ಪಬ್‌ನಲ್ಲಿ ನುಡಿಸುವವರಿಗಿಂತ ನಮಗೇ ಜಾಸ್ತಿ ಬೇಕು. ಅಲ್ಲಿ ವೇದಿಕೆ ಮೇಲೆ ಬ್ಯಾಂಡ್ ಬಿಟ್ಟು ಬೇರೆ ಯಾರೂ ಇರುವುದಿಲ್ಲ. ನಮ್ಮಲ್ಲಿ? ಗಣೇಶನ ಪೆಂಡಾಲ್ ಇರಲಿ, ರಾಜ್ಯೋತ್ಸವ ಇರಲಿ, ಊರಹಬ್ಬ ಇರಲಿ, ಕಮಿಟಿ ಅಧ್ಯಕ್ಷರು, ಅವರ ಬಾಮೈದ, ದಾನಿಗಳು, ಮೈಕ್ ಸರಿ ಮಾಡುವ ಹುಡುಗ, ವಿಡಿಯೊ ತೆಗೆಯಲು ಹತ್ತಿದವರು, ಮುಂದಿನ ಡ್ಯಾನ್ಸ್‌ಗೆ ಕಾಯುತ್ತಿರುವ ಶಾಲೆ ಮಕ್ಕಳು, ಎಲ್ಲರೂ ಮೇಲೆಯೇ ಇರುತ್ತಾರೆ. ಇಷ್ಟು ಜನರ ನಡುವೆ ಬ್ಯಾಂಡ್ ಯಾವುದು ಅಂತ ಹಿಂದಿನ ಸಾಲಿನ ಅಜ್ಜಿಗೆ ಗೊತ್ತಾಗಬೇಕು. ಹೊಂದಾಣಿಕೆಯ ಮೊದಲ ಕೆಲಸ ಇಷ್ಟೇ. ಅದಕ್ಕೆ ಯೂನಿಫಾರ್ಮ್ ಬೇಡ. ಎಲ್ಲರಲ್ಲೂ ಒಂದು ಎಳೆ ಸಾಕು.

ಆ ಎಳೆ ಹುಡುಕುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಮೊದಲು, ಬರುವ ಕಾರ್ಯಕ್ರಮಗಳು ಎಲ್ಲಿ ಅಂತ ಬರೆದುಕೊಳ್ಳಿ

ಬಟ್ಟೆ ಅಂಗಡಿಗೆ ಹೋಗುವ ಮೊದಲು ವೇದಿಕೆ ನೋಡಿ. ಕೋಲಾರದ ಟಿ. ಚನ್ನಯ್ಯ ರಂಗಮಂದಿರದಂಥ ಒಳಾಂಗಣದಲ್ಲಿ ಹಿಂದೆ ಪರದೆ ಇರುತ್ತದೆ, ಕತ್ತಲೆ ನಿಮ್ಮ ಕೈಯಲ್ಲಿ ಇರುತ್ತದೆ. ತುಮಕೂರಿನ ಅಮಾನಿಕೆರೆ ಗಾಜಿನ ಮನೆಯಲ್ಲಿ ಸಂಜೆಗೆ ಮುಂಚೆ ನುಡಿಸಿದರೆ ಬೆಳಕು ಎಲ್ಲ ಕಡೆಯಿಂದಲೂ ಬರುತ್ತದೆ, ಲೈಟಿಂಗ್‌ನವರು ಏನೇ ಹಾಕಿದರೂ ಕಾಣುವುದಿಲ್ಲ. ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರ ಹುಣ್ಣಿಮೆ ಹಾಡು ಕಾರ್ಯಕ್ರಮ ಇದೆಯಲ್ಲ, ಅಲ್ಲಿ ಬಯಲು, ಗಾಳಿ, ಬೆಳದಿಂಗಳು. ಅಲ್ಲಿಗೆ ಮಿರಮಿರ ಮಿಂಚುವ ಜಾಕೆಟ್ ಹಾಕಿಕೊಂಡು ಹೋದರೆ ನಿಮಗೇ ಮುಜುಗರ ಆಗುತ್ತದೆ. ಇನ್ನು ಗಣೇಶನ ಪೆಂಡಾಲ್. ಅಲ್ಲಿ ಹಿಂದೆ ಜರಿ, ಹೂವು, ಸೀರಿಯಲ್ ಸೆಟ್, ಜೊತೆಗೆ ಊರಿನ ಎಲ್ಲ ಮುಖಂಡರ ಮುಖ ಇರುವ ಫ್ಲೆಕ್ಸ್. ಅದರ ಮುಂದೆ ಹೂವಿನ ಪ್ರಿಂಟ್ ಶರ್ಟ್ ಹಾಕಿದರೆ ನೀವು ಅಲಂಕಾರದಲ್ಲೇ ಕರಗಿಹೋಗುತ್ತೀರಿ. ಅಲ್ಲಿ ಪ್ಲೇನ್ ಬಟ್ಟೆಯೇ ಎದ್ದು ಕಾಣುವುದು.

ರಾಜ್ಯೋತ್ಸವದ ಬಗ್ಗೆ ಬೇರೆಯಾಗಿಯೇ ಹೇಳಬೇಕು. ನವೆಂಬರ್ ಬಂತು ಅಂದರೆ ಎಲ್ಲ ಬ್ಯಾಂಡ್‌ಗೂ ಹೊಳೆಯುವ ಐಡಿಯಾ ಒಂದೇ, ಹಳದಿ ಕೆಂಪು. ತಪ್ಪಲ್ಲ. ಆದರೆ ಆವತ್ತು ನಿರೂಪಕಿಯಿಂದ ಹಿಡಿದು ಆಟೋ ಡ್ರೈವರ್‌ವರೆಗೆ ಎಲ್ಲರ ಹೆಗಲ ಮೇಲೂ ಅದೇ ಶಾಲು ಇರುತ್ತದೆ. ಬಾವುಟದ ಬಣ್ಣ ಬೇಕೇ ಬೇಕು ಅಂದರೆ ಮೈಕ್ ಸ್ಟ್ಯಾಂಡಿಗೋ ಗಿಟಾರ್ ಪಟ್ಟಿಗೋ ಕಟ್ಟಿ. ಮೈಮೇಲೆ ಬೇರೆ ಬಣ್ಣ ಇರಲಿ.

ಆಮೇಲೆ, ನೀವು ನುಡಿಸುವುದು ಏನು ಅಂತ ಒಂದು ಸಾಲಿನಲ್ಲಿ ಹೇಳಿ

‘ನಾವು ತತ್ವಪದಗಳನ್ನು ಗಿಟಾರ್ ಜೊತೆ ಹಾಡುತ್ತೇವೆ.’ ‘ನಾವು ಹಳೇ ಸಿನಿಮಾ ಹಾಡಿನ ಆರ್ಕೆಸ್ಟ್ರಾ.’ ‘ನಾವು ಮೆಟಲ್ ರಾಕ್ ಬ್ಯಾಂಡ್.’ ಇಷ್ಟು ಸಾಕು. ಈ ಸಾಲು ಹೇಳಲು ಬರದಿದ್ದರೆ ಬಟ್ಟೆ ಮಾತು ಸದ್ಯಕ್ಕೆ ಬಿಡಿ, ಇನ್ನೂ ಹಾಡು ಕೂತಿಲ್ಲ ಅಂತ ಅರ್ಥ.

ಹೇಳಲು ಬಂದರೆ ಅರ್ಧ ಕೆಲಸ ಮುಗಿಯಿತು. ರಸಮಂಜರಿ ಕಾರ್ಯಕ್ರಮ ಮಾಡುವ ಆರ್ಕೆಸ್ಟ್ರಾದವರು ಬ್ಲೇಜರ್ ಹಾಕುವುದರಲ್ಲಿ ಒಂದು ಲೆಕ್ಕ ಇದೆ. ಜನ ಅಲ್ಲಿಗೆ ಬರುವುದೇ ಸಿನಿಮಾ ನೆನಪಿಗೆ, ಸ್ವಲ್ಪ ಝಗಮಗ ಇದ್ದರೆ ಅವರಿಗೆ ಖುಷಿ. ಅದೇ ಬ್ಲೇಜರ್ ಹಾಕಿಕೊಂಡು ತತ್ವಪದ ಹಾಡಿದರೆ ಕೇಳುವವರಿಗೆ ಎಲ್ಲೋ ಇರುಸುಮುರುಸು.

‘ವೇಷ ಹಾಕುವುದು ನಾಟಕದವರ ಕೆಲಸ, ನಮಗ್ಯಾಕೆ’ ಅನ್ನುವ ಗೆಳೆಯರು ಎಲ್ಲ ಬ್ಯಾಂಡ್‌ನಲ್ಲೂ ಒಬ್ಬರು ಇರುತ್ತಾರೆ. ಅವರಿಗೆ ಹೇಳಿ, 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ನಾಟಕ ಕಂಪನಿ ಊರೂರು ಸುತ್ತಿ ಹೆಸರು ಮಾಡಿದ್ದು ಬರೀ ಹಾಡಿನಿಂದ ಅಲ್ಲ. ಪರದೆ, ಸೀನರಿ, ಉಡುಪು ನೋಡಲು ಅಂತಲೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ನಮ್ಮ ಕಡೆಯ ಜನಕ್ಕೆ ವೇದಿಕೆ ಅಂದರೆ ಕಣ್ಣಿಗೂ ಊಟ ಇರಬೇಕು ಅನ್ನುವುದು ಇವತ್ತಿನ ಮಾತಲ್ಲ.

ಒಂದು ಎಳೆ ಆರಿಸಿ, ಎರಡು ಬೇಡ

ಇಲ್ಲಿ ಮೂರು ದಾರಿ ಇವೆ.

ಎಲ್ಲರೂ ಒಂದೇ ಥರ ಹಾಕುವುದು ಮೊದಲನೆಯದು. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್‌ನವರು ಮೊದಲು ಚರ್ಮದ ಜಾಕೆಟ್ ಹಾಕಿಕೊಂಡು ನುಡಿಸುತ್ತಿದ್ದರು. ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೈನ್ 1962ರಲ್ಲಿ ಅವರಿಗೆ ಸೂಟ್ ತೊಡಿಸಿದರು. ದೊಡ್ಡ ವೇದಿಕೆ, ಟಿ.ವಿ. ಬಾಗಿಲು ತೆರೆಯಲಿ ಅಂತ ಮಾಡಿದ ವ್ಯವಹಾರದ ತೀರ್ಮಾನ ಅದು. ಕೆಲಸ ಮಾಡಿತು. ಆದರೆ ನಾಲ್ಕು ಜನ ಒಂದೇ ವಯಸ್ಸಿನ, ಹೆಚ್ಚುಕಮ್ಮಿ ಒಂದೇ ಮೈಕಟ್ಟಿನ ಹುಡುಗರಿಗೆ ಅದು ನಡೆಯುತ್ತದೆ. ನಿಮ್ಮಲ್ಲಿ 19 ವರ್ಷದ ಬೇಸಿಸ್ಟ್, 52 ವರ್ಷದ ತಬಲಾ ಮೇಷ್ಟ್ರು, ಒಬ್ಬ ಗಾಯಕಿ ಇದ್ದರೆ ಒಂದೇ ಅಂಗಿ ಯಾರಿಗೂ ಚೆನ್ನಾಗಿ ಕೂರುವುದಿಲ್ಲ.

ಎರಡನೆಯದು, ಒಬ್ಬರು ಮಾತ್ರ ಬೇರೆಯಾಗಿ ಕಾಣುವುದು. ಆಸ್ಟ್ರೇಲಿಯಾದ ಎಸಿ/ಡಿಸಿ ಅನ್ನುವ ರಾಕ್ ಬ್ಯಾಂಡ್‌ನಲ್ಲಿ ಗಿಟಾರ್ ನುಡಿಸುವ ಆಂಗಸ್ ಯಂಗ್ ಒಬ್ಬರೇ ಶಾಲೆ ಯೂನಿಫಾರ್ಮ್, ಚಡ್ಡಿ, ಟೈ ಹಾಕುತ್ತಾರೆ. ಉಳಿದವರು ಜೀನ್ಸ್, ಟೀ ಶರ್ಟ್. ಖರ್ಚು ಕಮ್ಮಿ, ನೆನಪಿನಲ್ಲಿ ಉಳಿಯುತ್ತದೆ. ತೊಂದರೆ ಏನೆಂದರೆ ಆ ಒಬ್ಬರು ಬರದ ದಿನ ಬ್ಯಾಂಡೇ ಬರಲಿಲ್ಲ ಅನ್ನಿಸುತ್ತದೆ.

ಮೂರನೆಯದು ನನಗೆ ಇಷ್ಟ. ಒಂದು ಬಣ್ಣವೋ ಒಂದು ಥರದ ಬಟ್ಟೆಯೋ ಎಲ್ಲರಲ್ಲೂ ಇರಲಿ, ಅದನ್ನು ಹೇಗೆ ಹಾಕುತ್ತಾರೋ ಅವರಿಗೆ ಬಿಟ್ಟಿದ್ದು. ಇಟ್ಟಿಗೆ ಬಣ್ಣ ಅಂತ ಇಟ್ಟುಕೊಳ್ಳಿ. ಗಾಯಕಿಗೆ ಆ ಬಣ್ಣದ ಸೀರೆಯೋ ದುಪಟ್ಟಾವೋ, ತಬಲಾದವರಿಗೆ ಜುಬ್ಬಾ, ಡ್ರಮ್ಮರ್‌ಗೆ ತೋಳಿಲ್ಲದ ಬನಿಯನ್, ಬೇಸಿಸ್ಟ್‌ಗೆ ಶರ್ಟ್. ಉಳಿದದ್ದೆಲ್ಲ ಕಡುನೀಲಿ ಅಥವಾ ಬೂದು. ಬಟ್ಟೆಯನ್ನೇ ಎಳೆ ಮಾಡಿಕೊಳ್ಳುವುದಾದರೆ ಕೈಮಗ್ಗದ ಲುಂಗಿಗಿಂತ ಒಳ್ಳೆಯದು ಬೇರೊಂದಿಲ್ಲ. ರಘು ದೀಕ್ಷಿತ್ ಅವರು ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹೊರದೇಶದ ವೇದಿಕೆಗಳಲ್ಲೂ ನಿಂತಿದ್ದು ನಿಮಗೆ ಗೊತ್ತೇ ಇದೆ. ಹಾಗಂತ ಅವರದ್ದೇ ಥರ ಮಾಡಲು ಹೋಗಬೇಡಿ. ಕನ್ನಡ ಬ್ಯಾಂಡ್ ಲುಂಗಿ ಉಟ್ಟು ಗೆಜ್ಜೆ ಕಟ್ಟಿದ ಕೂಡಲೇ ಜನಕ್ಕೆ ಅವರೇ ನೆನಪಾಗುತ್ತಾರೆ.

ಹಾಡುವ ಹೆಣ್ಣುಮಗಳಿಗೆ ‘ನೀನು ಮ್ಯಾಚಿಂಗ್ ಸೀರೆ ಉಟ್ಕೊಂಡು ಬಾ’ ಅಂತ ಗಂಡಸರು ಸೇರಿ ತೀರ್ಮಾನ ಮಾಡುವುದನ್ನು ದಯವಿಟ್ಟು ಬಿಡಿ. ಬಣ್ಣ ಹೇಳಿ, ಉಳಿದದ್ದು ಅವರಿಗೆ ಗೊತ್ತು. ವೇದಿಕೆ ಮೇಲೆ ಕೇಬಲ್ ಬಿದ್ದಿರುತ್ತದೆ, ಮೆಟ್ಟಿಲು ಕಡಿದಾಗಿರುತ್ತದೆ, ರಾತ್ರಿ 11ಕ್ಕೆ ಊರಿಗೆ ವಾಪಸ್ ಹೋಗಬೇಕು. ಈ ಲೆಕ್ಕ ಎಲ್ಲ ಹಾಕಿಯೇ ಅವರು ಉಡುಪು ಆರಿಸುತ್ತಾರೆ.

ಬಣ್ಣವನ್ನು ಅಂಗಡಿಯಲ್ಲಿ ನೋಡಬೇಡಿ, ಲೈಟ್ ಕೆಳಗೆ ನೋಡಿ

ಹೆಚ್ಚಿನವರು ಎಡವುವುದು ಇಲ್ಲೇ, ಅದಕ್ಕೇ ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ನಮ್ಮ ಕಡೆ ಲೈಟಿಂಗ್‌ನವರು ತರುವುದು ಹೆಚ್ಚಾಗಿ ಎಲ್‌ಇಡಿ ಪಾರ್ ಲೈಟ್. ಅದರೊಳಗೆ ಕೆಂಪು, ಹಸಿರು, ನೀಲಿ ಬಲ್ಬುಗಳು ಇರುತ್ತವೆ, ಅವನ್ನು ಬೆರೆಸಿ ಬಣ್ಣ ಮಾಡುತ್ತಾರೆ. ಬರೀ ನೀಲಿ ಹಾಕಿದಾಗ ಕೆಂಪು ಶರ್ಟ್ ಕಪ್ಪಾಗಿ ಕಾಣುತ್ತದೆ, ಯಾಕೆಂದರೆ ಆ ಬಟ್ಟೆಗೆ ವಾಪಸ್ ಕಳಿಸಲು ಕೆಂಪು ಬೆಳಕೇ ಬಂದಿರುವುದಿಲ್ಲ. ಬರೀ ಕೆಂಪು ಹಾಕಿದಾಗ ಬಿಳಿ ಶರ್ಟೂ ಕೆಂಪು ಶರ್ಟೂ ಒಂದೇ ಥರ. ಹಸಿರು ಲೈಟ್ ಮುಖಕ್ಕೆ ಬಿದ್ದರೆ ಯಾರೇ ಆಗಲಿ ಆಸ್ಪತ್ರೆಯಿಂದ ಎದ್ದು ಬಂದವರ ಹಾಗೆ ಕಾಣುತ್ತಾರೆ, ಅದಕ್ಕೆ ಯಾವ ಬಟ್ಟೆಯೂ ಪರಿಹಾರ ಅಲ್ಲ. ಲೈಟಿಂಗ್ ಹುಡುಗನಿಗೆ ಮೊದಲೇ ಹೋಗಿ ‘ಅಣ್ಣ, ಮುಂದಿನಿಂದ ಎರಡು ವಾರ್ಮ್ ವೈಟ್ ಇಟ್ಟಿರು, ಅದನ್ನ ಆರಿಸಬೇಡ’ ಅಂತ ಹೇಳಿ ಒಂದು ಟೀ ಕುಡಿಸಿ. ಹತ್ತು ಸಾವಿರದ ಬಟ್ಟೆ ಮಾಡದ ಕೆಲಸವನ್ನು ಆ ಎರಡು ಲೈಟ್ ಮಾಡುತ್ತವೆ.

ಅಚ್ಚ ಬಿಳಿ ಕಣ್ಣಿಗೆ ಚೆಂದ, ಫೋನ್ ಕ್ಯಾಮೆರಾಗೆ ಶತ್ರು. ಕ್ಯಾಮೆರಾ ಬಿಳಿ ಶರ್ಟ್ ನೋಡಿ ಬೆಳಕು ಜಾಸ್ತಿ ಇದೆ ಅಂದುಕೊಂಡು ಕಮ್ಮಿ ಮಾಡುತ್ತದೆ, ಆಗ ಮುಖಗಳು ಕಪ್ಪಾಗುತ್ತವೆ. ಕೆನೆ ಬಣ್ಣ ಹಾಕಿ, ಈ ತೊಂದರೆ ಅರ್ಧ ಕಮ್ಮಿ. ಕಪ್ಪು ಪರದೆ ಮುಂದೆ ಕಪ್ಪು ಬಟ್ಟೆ ಹಾಕಿದರೆ ಮುಖ, ಕೈ ಮಾತ್ರ ಗಾಳಿಯಲ್ಲಿ ತೇಲುತ್ತಿರುತ್ತವೆ. ಅದೇ ಬೇಕು ಅನ್ನುವ ಮೆಟಲ್ ಬ್ಯಾಂಡ್ ಆದರೆ ಸರಿ. ಸಣ್ಣ ಗೀರು, ಸಣ್ಣ ಚೌಕಳಿ ಬೇಡವೇ ಬೇಡ, ವಿಡಿಯೊದಲ್ಲಿ ಅದು ಅಲೆ ಅಲೆಯಾಗಿ ಕುಣಿಯುತ್ತದೆ. ದೊಡ್ಡ ಚೌಕಳಿ ಪರವಾಗಿಲ್ಲ.

ಈಗ ಎಲ್ಲ ಕಡೆ ಹಿಂದೆ ಎಲ್‌ಇಡಿ ವಾಲ್ ಬಂದಿದೆ. ಅದರ ಬೆಳಕು ಜೋರಾಗಿದ್ದರೆ ಮುಂದೆ ನಿಂತವರು ಬರೀ ನೆರಳು. ಆಗ ಬಣ್ಣಕ್ಕೆ ಬೆಲೆಯೇ ಇಲ್ಲ, ಕಾಣುವುದು ಆಕಾರ ಮಾತ್ರ. ಪಂಚೆಯ ಅಗಲ, ರುಮಾಲಿನ ಗುಂಡು, ಟೋಪಿ, ಇಂಥದ್ದು. ಆಪರೇಟರ್‌ಗೆ ಹೇಳಿ ಬ್ರೈಟ್‌ನೆಸ್ ಇಳಿಸಿ. ಅದರ ಮೇಲೆ ಪ್ರಾಯೋಜಕರ ಜಾಹೀರಾತು ಓಡುತ್ತಿದ್ದರೆ ಇಳಿಸುವುದಿಲ್ಲ ಅನ್ನುತ್ತಾರೆ, ಜಗಳ ಮಾಡಬೇಡಿ, ಗೆಲ್ಲುವುದಿಲ್ಲ.

ಪರೀಕ್ಷೆ ಸುಲಭ. ರಾತ್ರಿ ಪ್ರಾಕ್ಟೀಸ್ ಮಾಡುವಾಗ ಅಂದುಕೊಂಡ ಬಟ್ಟೆ ಹಾಕಿ, ಮನೆ ಲೈಟ್ ಆರಿಸಿ, ಎರಡು ಬಣ್ಣದ ಬಲ್ಬ್ ಹಚ್ಚಿ, ಹತ್ತನೇ ಸಾಲಿನಷ್ಟು ದೂರದಿಂದ ಫೋನಿನಲ್ಲಿ ವಿಡಿಯೊ ತೆಗೆಯಿರಿ. ಆಮೇಲೆ ಸೌಂಡ್ ಪೂರ್ತಿ ಮ್ಯೂಟ್ ಮಾಡಿ, ಬ್ಯಾಂಡ್ ಬಗ್ಗೆ ಏನೂ ಗೊತ್ತಿಲ್ಲದ ಪಕ್ಕದ ಮನೆಯವರಿಗೆ ತೋರಿಸಿ. ‘ಇವರು ಯಾವ ಥರ ಹಾಡು ಹಾಡ್ತಾರೆ ಅನ್ಸುತ್ತೆ ಆಂಟಿ?’ ಅಂತ ಕೇಳಿ. ಉತ್ತರ ನಿಮ್ಮ ಆ ಒಂದು ಸಾಲಿಗೆ ಹತ್ತಿರ ಇದ್ದರೆ ಸಾಕು. ‘ಕೇಟರಿಂಗ್‌ನವರಾ?’ ಅಂದರೆ ಮತ್ತೆ ಮೊದಲಿಂದ.

ನುಡಿಸುವ ಕೈಕಾಲಿಗೆ ಒಗ್ಗಬೇಕು

ಚೆನ್ನಾಗಿ ಕಾಣುವ ಬಟ್ಟೆಯಲ್ಲಿ ನುಡಿಸಲು ಆಗದಿದ್ದರೆ ಏನು ಪ್ರಯೋಜನ? ಪ್ರತಿಯೊಬ್ಬರೂ ಪೂರ್ತಿ ಉಡುಪಿನಲ್ಲಿ ಒಂದು ಇಡೀ ಪ್ರಾಕ್ಟೀಸ್ ಮುಗಿಸಲಿ. ದೊಡ್ಡ ಬಕಲ್ ಬೆಲ್ಟ್ ಗಿಟಾರಿನ ಬೆನ್ನು ಕೆರೆಯುತ್ತದೆ. ಸಡಿಲ ಕಫ್ ತಂತಿಗೆ ಸಿಕ್ಕುತ್ತದೆ. ನುಣುಪು ಸ್ಯಾಟಿನ್ ಶರ್ಟ್ ಮೇಲೆ ಗಿಟಾರ್ ಪಟ್ಟಿ ಜಾರುತ್ತಲೇ ಇರುತ್ತದೆ. ನೆಲದಲ್ಲಿ ಕೂತು ನುಡಿಸುವವರಿಗೆ ಬಿಗಿ ಜೀನ್ಸ್ ಹಿಂಸೆ, ಪಂಚೆ ಅಥವಾ ಸಡಿಲ ಪೈಜಾಮ ಕೊಡಿ. ಮೈಕ್ ಹಿಡಿಯುವವರ ಕೈಯಲ್ಲಿ ಬಳೆ ಜಾಸ್ತಿ ಇದ್ದರೆ ಸ್ಪೀಕರಿನಲ್ಲಿ ಹಾಡಿಗಿಂತ ಬಳೆಯೇ ಕೇಳುತ್ತದೆ. ಡ್ರಮ್ಮರ್ ಬೆವರುತ್ತಾನೆ, ಪಾಲಿಯೆಸ್ಟರ್ ಹಾಕಿಸಿದರೆ ಇನ್ನೂ ಬೆವರುತ್ತಾನೆ, ತಿಳಿನೀಲಿ ಅಥವಾ ತಿಳಿಬೂದು ಹಾಕಿಸಿದರೆ ಆ ಬೆವರು ಊರಿಗೆಲ್ಲ ಕಾಣುತ್ತದೆ. ಅವನಿಗೆ ಹತ್ತಿ, ಗಾಢ ಬಣ್ಣ.

ಬರಿಗಾಲಿನಲ್ಲಿ ನುಡಿಸುವುದನ್ನೇ ನಮ್ಮ ಗುರುತು ಮಾಡಿಕೊಳ್ಳೋಣ ಅನ್ನುವವರು ಇದ್ದಾರೆ. ನೋಡಲು ಚೆಂದವೇ. ಆದರೆ ಕರೆಂಟಿನ ವಿಷಯ ಮರೆಯಬೇಡಿ. ಗಿಟಾರಿನ ತಂತಿ ಆಂಪ್ಲಿಫೈಯರಿನ ಅರ್ತ್‌ಗೆ ಸೇರಿರುತ್ತದೆ, ಮೈಕಿನ ಲೋಹದ ಮೈ ಮಿಕ್ಸರಿನ ಅರ್ತ್‌ಗೆ ಸೇರಿರುತ್ತದೆ. ಎರಡಕ್ಕೂ ಬೇರೆ ಬೇರೆ ಕಡೆಯಿಂದ ಕರೆಂಟ್ ಎಳೆದು, ಅರ್ತಿಂಗ್ ಸರಿ ಇಲ್ಲದಿದ್ದರೆ, ತಂತಿ ಹಿಡಿದುಕೊಂಡೇ ತುಟಿ ಮೈಕಿಗೆ ತಾಗಿಸಿದಾಗ ಶಾಕ್ ಹೊಡೆಯುತ್ತದೆ. ಮಳೆ ಬಿದ್ದು ಒದ್ದೆಯಾದ ವೇದಿಕೆ, ಅದರ ಮೇಲೆ ಬರಿಗಾಲು ಅಂದರೆ ಜೀವಕ್ಕೇ ಅಪಾಯ. ಸೌಂಡ್‌ನವರ ಹತ್ತಿರ ಮಲ್ಟಿಮೀಟರ್ ಇರುತ್ತದೆ. ಎಸಿ ವೋಲ್ಟ್‌ಗೆ ಇಟ್ಟು ಒಂದು ಮೊನೆ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಹಿಡಿಯಲು ಹೇಳಿ. ಮುಳ್ಳು ಏರಿದರೆ ಯಾರೂ ಮೈಕ್ ಮುಟ್ಟಬೇಡಿ, ಎಲ್ಲವನ್ನೂ ಅರ್ತ್ ಇರುವ ಒಂದೇ ಬೋರ್ಡಿಗೆ ತಂದ ಮೇಲೆಯೇ ಹಾಡು. ಗಣೇಶನ ಹಬ್ಬ ಬರುವುದು ಮಳೆಗಾಲದಲ್ಲೇ ಅಲ್ವಾ? ಆಗಂತೂ ರಬ್ಬರ್ ಸೋಲ್ ಚಪ್ಪಲಿ, ಶೂ ಕಡ್ಡಾಯ ಮಾಡಿ.

ಇನ್ನೊಂದು ಚಳಿ. ಡಿಸೆಂಬರ್‌ನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಯಲಿನಲ್ಲಿ ನುಡಿಸಿದ್ದೀರಾ? ಎರಡನೇ ಹಾಡಿಗೆ ಒಬ್ಬ ಜರ್ಕಿನ್ ಏರಿಸುತ್ತಾನೆ, ಮೂರನೇ ಹಾಡಿಗೆ ಇನ್ನೊಬ್ಬ ಮಂಕಿ ಕ್ಯಾಪ್. ಅಷ್ಟು ಕಷ್ಟಪಟ್ಟು ಹೊಂದಿಸಿದ ಬಣ್ಣ ಎಲ್ಲ ಒಳಗೆ. ಅದಕ್ಕೇ ಮೇಲಿನ ಪದರವನ್ನೇ ಮೊದಲು ಯೋಚಿಸಿ. ಎಲ್ಲರಿಗೂ ಒಂದೇ ಬಣ್ಣದ ಕಂಬಳಿಯಂಥ ಹೊದಿಕೆಯೋ ಜಾಕೆಟ್ಟೋ ಇದ್ದರೆ ಒಳಗೆ ಏನಿದ್ದರೂ ನಡೆಯುತ್ತದೆ.

ತಮಟೆಯವರು ಜೊತೆಗಿದ್ದರೆ

ನಮ್ಮ ಮೂರೂ ಜಿಲ್ಲೆಗಳಲ್ಲಿ ತಮಟೆ, ಡೊಳ್ಳು ಸೇರಿಸಿಕೊಂಡು ಬ್ಯಾಂಡ್ ಕಟ್ಟುವವರು ಇದ್ದಾರೆ, ಒಳ್ಳೆಯ ವಿಷಯ. ಆದರೆ ಆಗಾಗ ಕಾಣುವ ಒಂದು ದೃಶ್ಯ ನನಗೆ ಸಹಿಸಲು ಆಗುವುದಿಲ್ಲ. ಗಿಟಾರ್, ಕೀಬೋರ್ಡ್ ಹುಡುಗರು ಜೀನ್ಸ್, ಸ್ನೀಕರ್ಸ್ ಹಾಕಿ ಆರಾಮಾಗಿ ನಿಂತಿರುತ್ತಾರೆ. ತಮಟೆ ಬಡಿಯುವ ಅಣ್ಣನಿಗೆ ಮಾತ್ರ ಬಾಡಿಗೆಗೆ ತಂದ ಮಿಂಚಿನ ವೇಷ, ತಲೆಗೆ ಪೇಟ, ಕಾಲಿಗೆ ಗೆಜ್ಜೆ. ಅವರು ಬ್ಯಾಂಡಿನ ಸದಸ್ಯರೋ, ವೇದಿಕೆಯ ಅಲಂಕಾರವೋ? ತಮಟೆ ಈ ಕಡೆ ದಲಿತ ಕೇರಿಗಳ ವಾದ್ಯ. ಚಳವಳಿಯ ಹಾಡುಗಳ ಜೊತೆ ಬೀದಿಯಲ್ಲಿ ಮೊಳಗಿದ ವಾದ್ಯ. ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಅದೇ ತಮಟೆಗೆ. ಅದನ್ನು ನುಡಿಸುವವರು ಏನು ಹಾಕಬೇಕು ಅಂತ ಅವರನ್ನೇ ಕೇಳಿ. ‘ನಂಗೂ ನಿಮ್ ಥರ ಶರ್ಟೇ ಸಾಕು’ ಅಂದರೆ ಶರ್ಟೇ. ವೇಷ ಹಾಕುತ್ತೇನೆ ಅಂದರೆ ಅದಕ್ಕೆ ತಕ್ಕ ಜಾಗ, ಹೆಸರು, ಸಮಾನ ದುಡ್ಡು ಇರಲಿ.

ವೀರಗಾಸೆ, ಸೋಮನ ಕುಣಿತದ ಉಡುಪನ್ನು ಬ್ಯಾಂಡ್‌ನವರು ಸುಮ್ನೆ ಚೆಂದಕ್ಕೆ ಅಂತ ಹಾಕಿಕೊಳ್ಳುವುದು ಬೇಡ. ಅವು ದೇವರ ಆಚರಣೆಗೆ ಸೇರಿದ ವೇಷಗಳು. ನೋಡುವವರಲ್ಲಿ ಅವನ್ನು ಪೂಜೆ ಮಾಡಿ ತೊಡುವ ಮನೆತನದವರೂ ಇರುತ್ತಾರೆ.

ಕೊಳ್ಳುವುದು, ಹೊಲಿಸುವುದು

ಇಷ್ಟೆಲ್ಲ ಆದ ಮೇಲೆ ಅಂಗಡಿಗೆ ಹೋಗಿ. ಎಲ್ಲರಿಗೂ ಬೇಕಾದ ಬಟ್ಟೆ ಒಂದೇ ತಾನಿನಿಂದ ಒಂದೇ ದಿನ ಹರಿಸಿ. ಮುಂದಿನ ತಿಂಗಳು ಅದೇ ಅಂಗಡಿಯಲ್ಲಿ ಅದೇ ಬಣ್ಣ ಕೇಳಿದರೆ ಸಿಗುವುದು ಸ್ವಲ್ಪ ಬೇರೆ ಬಣ್ಣ, ಟ್ಯೂಬ್‌ಲೈಟ್ ಕೆಳಗೆ ಒಂದೇ ಥರ ಕಂಡರೂ ವೇದಿಕೆ ಲೈಟಿಗೆ ಬಯಲಾಗುತ್ತದೆ. ಸಾಧಾರಣ ಮೈಕಟ್ಟಿನವರ ತುಂಬುತೋಳಿನ ಶರ್ಟಿಗೆ 58 ಇಂಚು ಪನ್ನದ ಬಟ್ಟೆಯಾದರೆ ಸುಮಾರು 1.6 ಮೀಟರ್ ಬೇಕು, 36 ಇಂಚಿನದಾದರೆ ಎರಡೂಕಾಲರಿಂದ ಎರಡೂವರೆ. ಒಂದು ಶರ್ಟಿನಷ್ಟು ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಹತ್ತಿ ಬಟ್ಟೆಯನ್ನು ಹೊಲಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ. ಕುಗ್ಗುವುದು ಆಗಲೇ ಕುಗ್ಗಲಿ, ಬಣ್ಣ ಬಿಡುತ್ತದೋ ಇಲ್ಲವೋ ಅದೂ ಗೊತ್ತಾಗಲಿ. ಟೈಲರ್ ಹತ್ತಿರ ಡ್ರಮ್ಮರ್, ಗಿಟಾರಿಸ್ಟ್ ಕೈ ಎತ್ತಿ ಆಡಿಸಿ ತೋರಿಸಿ ಅಳತೆ ಕೊಡಲಿ. ನೆಟ್ಟಗೆ ನಿಂತು ಕೊಟ್ಟ ಅಳತೆಯ ಶರ್ಟ್ ಮೊದಲ ಹಾಡಿಗೇ ಕಂಕುಳಲ್ಲಿ ಹಿಡಿಯುತ್ತದೆ.

ದುಡ್ಡು ಇಲ್ಲವಾ? ಹೊಸದು ಕೊಳ್ಳಲೇಬೇಡಿ. ಎಲ್ಲರ ಮನೆಯಲ್ಲೂ ಒಂದು ಬಿಳಿ ಪಂಚೆ, ಒಂದು ಗಾಢ ಬಣ್ಣದ ಪ್ಲೇನ್ ಶರ್ಟ್ ಇದ್ದೇ ಇರುತ್ತದೆ. ಬಟ್ಟೆಗೆ ಸಾಲ ಮಾಡುವುದಕ್ಕಿಂತ ಆ ದುಡ್ಡಿನಲ್ಲಿ ಒಳ್ಳೆಯ ಕೇಬಲ್ ತೆಗೆದುಕೊಳ್ಳಿ.

ಕಾರ್ಯಕ್ರಮದ ದಿನ

ವೇದಿಕೆ ಮೇಲೆ ಬಟ್ಟೆ ಬಿಟ್ಟು ಉಳಿದದ್ದೂ ಕಾಣುತ್ತದೆ. ಅರ್ಧ ಕುಡಿದ ನೀರಿನ ಬಾಟಲಿ, ಗಿಟಾರ್ ಬ್ಯಾಗ್, ಹೆಲ್ಮೆಟ್, ಚಾರ್ಜರ್, ಎಲ್ಲ ಹಿಂದಕ್ಕೆ. ಹಾಡಿನ ಸಾಹಿತ್ಯ ಫೋನಿನಲ್ಲಿ ನೋಡಿ ಹಾಡುವವರ ಗಲ್ಲದ ಮೇಲೆ ಬೀಳುವ ನೀಲಿ ಬೆಳಕು ಎಷ್ಟು ಕೆಟ್ಟದಾಗಿ ಕಾಣುತ್ತದೆ ಅಂದರೆ, ಬಾಯಿಪಾಠ ಮಾಡುವುದೇ ವಾಸಿ.

ಆಮೇಲೆ ಸನ್ಮಾನ. ಇದನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ. ಮೂರನೇ ಹಾಡು ಮುಗಿಯುವಷ್ಟರಲ್ಲಿ ಕಮಿಟಿಯವರು ಹತ್ತಿ ಬಂದು ಎಲ್ಲರಿಗೂ ಶಾಲು, ಹಾರ, ಮೈಸೂರು ಪೇಟ ಹಾಕುತ್ತಾರೆ. ಬೇಡ ಅನ್ನುವ ಹಾಗಿಲ್ಲ, ಅದು ಪ್ರೀತಿ. ಹಾಗೇ ಇಟ್ಟುಕೊಂಡು ನುಡಿಸಿದರೆ ಹಾರದ ಎಸಳು ತಬಲಾ ಮೇಲೆ, ಶಾಲು ಪೆಡಲ್ ಮೇಲೆ, ನೀವೂ ಕಮಿಟಿಯವರೂ ಮತ್ತೆ ಒಂದೇ. ಮೊದಲೇ ನಿರೂಪಕರ ಹತ್ತಿರ ‘ಸನ್ಮಾನ ಕೊನೆ ಹಾಡಿಗೆ ಮುಂಚೆ ಇಟ್ಕೊಳ್ಳಿ ಸಾರ್’ ಅಂತ ಕೇಳಿ. ಅವರು ಒಪ್ಪದಿದ್ದರೆ ಡ್ರಮ್ಸ್ ಹಿಂದೆ ಒಂದು ಕುರ್ಚಿ ಇಟ್ಟಿರಿ. ಫೋಟೊ ಆದ ಮೇಲೆ ಕೈಮುಗಿದು, ನಿಧಾನವಾಗಿ ತೆಗೆದು, ಮಡಿಸಿ ಅದರ ಮೇಲೆ ಇಡಿ. ನೆಲಕ್ಕೆ ಮಾತ್ರ ಹಾಕಬೇಡಿ, ಜನ ಅದನ್ನು ವರ್ಷಗಟ್ಟಲೆ ನೆನಪಿಡುತ್ತಾರೆ.

ಎಷ್ಟು ದಿನ ಇದೇ ಉಡುಪು?

ಬೇಜಾರಾಗುವವರೆಗೆ. ಅಮೆರಿಕದ ಕಿಸ್ ಅನ್ನುವ ರಾಕ್ ಬ್ಯಾಂಡ್‌ನವರು 1973ರಿಂದ ಮುಖಕ್ಕೆ ಬಣ್ಣ ಬಳಿದುಕೊಂಡು ನುಡಿಸಿ, 1983ರಲ್ಲಿ ಅಳಿಸಿ ಹೊರಬಂದರು, 1996ರಲ್ಲಿ ಮತ್ತೆ ಬಳಿದುಕೊಂಡರು. ಗುರುತು ಅಷ್ಟು ಗಟ್ಟಿಯಾದರೆ ಬಿಡುವುದೂ ಕಷ್ಟ. ಒಂದು ಎಳೆ ಮಾತ್ರ ಇಟ್ಟುಕೊಂಡವರಿಗೆ ಈ ತಾಪತ್ರಯ ಇಲ್ಲ, ಬಣ್ಣ ಉಳಿಸಿಕೊಂಡು ಬಟ್ಟೆ ಬದಲಾಯಿಸಬಹುದು.

ಯಾರಾದರೂ ಒಬ್ಬರು ‘ನಾನು ಹಾಕಲ್ಲ’ ಅಂತ ಹಟ ಹಿಡಿದರೆ ಓಟು ಹಾಕಿ ಸೋಲಿಸಬೇಡಿ. ಯಾಕೆ ಅಂತ ಕೇಳಿ. ಎಷ್ಟೋ ಸಲ ಕಾರಣ ಬರೀ ಸೈಜ್, ಅಥವಾ ದುಡ್ಡು, ಬಾಯಿಬಿಟ್ಟು ಹೇಳಲು ನಾಚಿಕೆ.

ಬಟ್ಟೆಗಳ ಜವಾಬ್ದಾರಿ ಒಬ್ಬರಿಗೆ ಕೊಡಿ. ಅವರವರೇ ಒಗೆದುಕೊಂಡು ತರಲಿ ಅಂದರೆ ಒಂದು ಮನೆಯಲ್ಲಿ ಬ್ಲೀಚ್, ಇನ್ನೊಂದು ಮನೆಯಲ್ಲಿ ಬಿಸಿಲಲ್ಲಿ ಎರಡು ದಿನ, ಆರು ತಿಂಗಳಲ್ಲಿ ಐದು ಶರ್ಟಿಗೆ ಐದು ಬಣ್ಣ. ಒಟ್ಟಿಗೆ ಒಗೆಸಿ, ನೆರಳಲ್ಲಿ ಒಣಗಿಸಿ, ಒಂದೇ ಬ್ಯಾಗಿನಲ್ಲಿ ಇಡಿ. ಆ ಹೆಚ್ಚಿಗೆ ತಂದಿದ್ದ ಬಟ್ಟೆಯಲ್ಲಿ ದೊಡ್ಡ ಸೈಜಿನ ಶರ್ಟ್ ಒಂದನ್ನು ಹೊಲಿಸಿ ಅದೇ ಬ್ಯಾಗಿಗೆ ಹಾಕಿ. ಡ್ರಮ್ಮರ್‌ಗೆ ಜ್ವರ ಬಂದು, ಗೌರಿಬಿದನೂರಿಂದ ಯಾರನ್ನೋ ಸಂಜೆ ನಾಲ್ಕು ಗಂಟೆಗೆ ಕರೆಸುವ ದಿನ ಬಂದೇ ಬರುತ್ತದೆ.